ಇಟಲಿಯಲ್ಲಿ ಹೆಸರಿಗೂ ಒಂದು ಕ್ಯೂ

ತಾತನ ಹೆಸರನ್ನ ಮೊಮ್ಮಗನಿಗೆ ಇಡೋದು ನಮ್ಮಲ್ಲೂ ಉಂಟು. ಆದರೆ ಇಟಲಿಯಲ್ಲಿ, ಅದರಲ್ಲೂ ದಕ್ಷಿಣದ ಕಡೆ, ಅದಕ್ಕೊಂದು ಕ್ಯೂ ಇತ್ತು.

ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಎರಡನೆಯವನಿಗೆ ಅಮ್ಮನ ಅಪ್ಪನದು. ಹೆಣ್ಣುಮಕ್ಕಳಿಗೂ ಹಾಗೇ: ಮೊದಲು ಅಪ್ಪನ ತಾಯಿ, ಆಮೇಲೆ ಅಮ್ಮನ ತಾಯಿ. ತಾತ ಜುಸೆಪ್ಪೆಗೆ ನಾಲ್ಕು ಗಂಡುಮಕ್ಕಳಿದ್ರೆ, ಒಂದೇ ಕುಟುಂಬದಲ್ಲಿ ನಾಲ್ಕು ಪುಟ್ಟ ಜುಸೆಪ್ಪೆಗಳು! ಗುರುತಿಗೆ ಒಬ್ಬ ಪೆಪ್ಪೆ, ಇನ್ನೊಬ್ಬ ಪಿನೊ. ಮಾರ್ಚ್ 19, ಸಂತ ಜೋಸೆಫರ ದಿನ, ಅಷ್ಟೂ ಜನಕ್ಕೆ ಹೆಸರಿನ ಹಬ್ಬ. ಬದುಕಿರೋ ಅಪ್ಪನ ಹೆಸರನ್ನ ಮಾತ್ರ ಮಗನಿಗೆ ಇಡೋಕೆ ಕಾನೂನು ಬಿಡಲ್ಲ.

ಈಗ ಲೆಕ್ಕ ನೋಡಿ, ನಾನು ಓದಿದ್ದು ಕಾಮರ್ಸ್ ತಾನೇ! ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ ಸುಮಾರು 1.2 ಮಕ್ಕಳು. ಒಂದೇ ಮಗು ಅಂದ್ರೆ ಕ್ಯೂ ಮೊದಲ ಹೆಸರಿಗೇ ನಿಂತಿತು. ಅಮ್ಮನ ಕಡೆಯವರ ಸರದಿ ಬರೋದೇ ಇಲ್ಲ.

ಸರ್‌ನೇಮೂ ತಾನಾಗಿಯೇ ಅಪ್ಪನದಾಗ್ತಿತ್ತು. 2022ರಲ್ಲಿ ಇಟಲಿಯ ಸಾಂವಿಧಾನಿಕ ನ್ಯಾಯಾಲಯ ಅದನ್ನ ಬದಲಿಸಿತು: ಮಗುವಿಗೆ ಇಬ್ಬರದೂ ಸರ್‌ನೇಮ್, ಒಂದೇ ಸಾಕು ಅನ್ನೋದಾದ್ರೆ ಇಬ್ಬರೂ ಒಪ್ಪಬೇಕು.

ಕೊನೆಗೊಂದು ಪ್ರಶ್ನೆ: ನಿಮ್ಮ ಅಪ್ಪನ ತಾತನ ಹೆಸರು ಗೊತ್ತಿರಬಹುದು. ಅಮ್ಮನ ಅಜ್ಜಿಯದು? ಇವತ್ತೇ ಮನೇಲಿ ಕೇಳಿ. ಮುಂದಿನ ವಾರ ಸಿಗೋಣ.