ಕರ್ತೃಪದವಿಲ್ಲದ ನಿಯಮಗಳು

ಕೆಲವು ತಿಂಗಳ ಹಿಂದೆ ನಮ್ಮೂರಿನ ಕ್ರೈಸ್ತ ಸೇವಾಸಂಸ್ಥೆಯೊಂದರ ಹಿರಿಯರು ಕರಡೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ತಮ್ಮಲ್ಲಿ ದುಡಿಯುವ ಸುವಾರ್ತಿಕರು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು, ದಾದಿಯರು, ಗುಮಾಸ್ತರು ಇವರ ವೈಯಕ್ತಿಕ ನಡತೆಯ ನಿಯಮಾವಳಿ ಅದು; ಕನ್ನಡ ತಿದ್ದಿಕೊಡಬೇಕೆಂದು ಕೋರಿಕೆ. ವ್ಯಾಕರಣ ಕಲಿಸಿ ಮುದುಕನಾದವನ ಕಣ್ಣು ಮೊದಲು ಬೀಳುವುದು ಕ್ರಿಯಾಪದದ ಮೇಲೆ. ‘ಇರತಕ್ಕದ್ದು’, ‘ಮಾಡಕೂಡದು’, ‘ವರ್ಜಿಸತಕ್ಕದ್ದು’ – ಪುಟದ ತುಂಬ ಇವೇ. ಯಾರು? ಕರ್ತೃಪದ ಎಲ್ಲಿಯೂ ಇಲ್ಲ.

ನನಗೆ ಹಿಂದೆಂದೋ ಓದಿದ್ದೊಂದು ಸಂಗತಿ ನೆನಪಾಯಿತು. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ ಸುವಾರ್ತಾ ಸಭೆಗಳನ್ನು ನಡೆಸುತ್ತಿದ್ದ ತರುಣ ಬಿಲ್ಲಿ ಗ್ರಹಾಂ ತಮ್ಮ ಮೂವರು ಸಂಗಡಿಗರನ್ನು ಕರೆದು, ಸಂಚಾರಿ ಬೋಧಕರಿಗೆ ಕೆಟ್ಟ ಹೆಸರು ತರುವ ಸಂಗತಿಗಳನ್ನು ಬೇರೆ ಬೇರೆ ಕುಳಿತು ಪಟ್ಟಿಮಾಡಲು ಹೇಳಿದರು. ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು: ಹಣ, ಸ್ತ್ರೀಸಂಬಂಧ, ಸ್ಥಳೀಯ ಸಭೆಗಳ ನಿಂದೆ, ಉತ್ಪ್ರೇಕ್ಷೆ. ನಾಲ್ವರೂ ತಮಗೆ ತಾವೇ ಕಟ್ಟುಪಾಡು ವಿಧಿಸಿಕೊಂಡರು. ನೆರೆದ ಜನರ ಎಣಿಕೆಯಲ್ಲಿ ಪೊಲೀಸರೋ ಸಭಾಂಗಣದವರೋ ಹೇಳಿದ್ದನ್ನೇ ಒಪ್ಪುವುದು ಅವುಗಳಲ್ಲೊಂದು. ಭಾಷಣಕಾರನಿಗೆ ಇದಕ್ಕಿಂತ ಕಠಿಣವಾದ ವ್ರತವಿಲ್ಲವೆಂದು ಸ್ವಾನುಭವದಿಂದ ಬಲ್ಲೆ! ಹಣದ ವಿಷಯದಲ್ಲಿ ಮಾತ್ರ ಕಟ್ಟು ಅಷ್ಟು ಬಿಗಿಯಾಗಿರಲಿಲ್ಲ. 1950ರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು ನಗುತ್ತ ಕೈಬೀಸುವ ಗ್ರಹಾಂ ಅವರ ಚಿತ್ರದ ಪಕ್ಕದಲ್ಲೇ ಕಾಣಿಕೆಯ ಚೀಲಗಳ ಚಿತ್ರವನ್ನು ಅಚ್ಚುಹಾಕಿತು. ಆಮೇಲೆ ಅವರು ನಿಗದಿಯಾದ ಸಂಬಳಕ್ಕೆ ಒಪ್ಪಿಕೊಂಡರು.

ಪರಸ್ತ್ರೀಯೊಡನೆ ಏಕಾಂತದಲ್ಲಿ ಇರಬಾರದೆಂಬುದೂ ಅವರ ಕಟ್ಟಳೆ. ಊರೂರು ಅಲೆಯುವ ನಾಲ್ವರು ಗಂಡಸರಿಗೆ ಅದು ತಕ್ಕದ್ದೇ. ನಮ್ಮ ಕರಡಿನಲ್ಲಿಯೂ ಅದಿತ್ತು. ಆದರೆ ಇಲ್ಲಿ ನೊಂದ ದಾದಿಯೊಬ್ಬಳು ತನ್ನ ಅಹವಾಲನ್ನು ಹೇಳಿಕೊಳ್ಳುವುದು ಯಾರಲ್ಲಿ? ಆಡಳಿತದಲ್ಲಿ ಇರುವವರೆಲ್ಲ ಗಂಡಸರೇ. ಸಂಯಮಕ್ಕಾಗಿ ಮುಚ್ಚಿದ ಬಾಗಿಲು ಅವಳ ಪಾಲಿಗೆ ನ್ಯಾಯದ ಬಾಗಿಲೂ ಆಗಿರುತ್ತದೆ. ಬಾಗಿಲು ತೆರೆದಿರಲಿ, ಕಣ್ಣಳತೆಯಲ್ಲಿ ಮತ್ತೊಬ್ಬರಿರಲಿ, ದೂರು ಕೇಳಲು ಸಂಸ್ಥೆಗೆ ಹೊರಗಿನ ಒಬ್ಬ ಹೆಣ್ಣುಮಗಳಿರಲಿ ಎಂದು ಅಂಚಿನಲ್ಲಿ ಬರೆದೆ.

ಇದು ಅತಿಶಂಕೆಯಲ್ಲ. ಮದರಾಸಿನಲ್ಲಿ ಹುಟ್ಟಿ ಲೋಕಪ್ರಸಿದ್ಧರಾದ ಬೋಧಕ ರವಿ ಝಕರಾಯಸ್ 2020ರಲ್ಲಿ ತೀರಿಕೊಂಡರು. ಅವರ ಲೈಂಗಿಕ ದುರ್ನಡತೆಯನ್ನು ಕುರಿತ ತನಿಖಾ ವರದಿಯನ್ನು 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ್ದು ಅವರದೇ ಸಂಸ್ಥೆ. ಅವರನ್ನು ಹೊಣೆಗಾರರನ್ನಾಗಿಸುವಲ್ಲಿ ತಾವು ಸೋತೆವೆಂದು ಆಡಳಿತ ಮಂಡಳಿಯವರೇ ಒಪ್ಪಿಕೊಂಡರು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವಾದರೋ ನಡತೆಯ ಮಾತನ್ನು ಸಭಾಧ್ಯಕ್ಷನಿಂದಲೇ ಆರಂಭಿಸುತ್ತದೆ. ಸಭಾಸೇವಕರ ಸರದಿ ಆಮೇಲೆ.

ಹಾಗಾಗಿ ಪ್ರತಿಯೊಂದು ವಾಕ್ಯದ ಮೊದಲಿಗೂ ‘ನಾವು’ ಎಂದು ಸೇರಿಸಿ, ಕ್ರಿಯಾಪದವನ್ನು ಅದಕ್ಕೆ ಹೊಂದಿಸಿ ಕೊಟ್ಟೆ. ಹಿರಿಯರು ಕನ್ನಡಕ ಏರಿಸಿ ಬಹಳ ಹೊತ್ತು ಓದಿದರು.

“ಮೇಷ್ಟ್ರೇ, ಈ ‘ನಾವು’ ಎಂಬುದರಲ್ಲಿ ಅಧ್ಯಕ್ಷರೂ ಬರುತ್ತಾರೆಯೇ?”

“ವ್ಯಾಕರಣದ ಪ್ರಕಾರ ಬರುತ್ತಾರೆ” ಎಂದೆ.

ಮಂಡಳಿಯ ಮುಂದಿಟ್ಟು ತಿಳಿಸುವುದಾಗಿ ಹೇಳಿ ಕರಡನ್ನು ಮಡಿಸಿಕೊಂಡು ಹೋದರು. ಇನ್ನೂ ಬಂದಿಲ್ಲ.