ತೋಳಿನ ಮೇಲಿನ ಸಕ್ಕರೆ ಮಾಪಕವನ್ನು ಓದುವ ಬಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ವೇದಿಕೆಯನ್ನೇರಿದರೆ ಕಾವ್ಯವಿಚಾರವನ್ನೇ ಹೇಳುವರೆಂಬ ನಿರೀಕ್ಷೆ ಸಹಜವಾದುದು. ಆದರೆ ಇಂದು ನಾವು ಆರಿಸಿಕೊಂಡಿರುವ ವಿಷಯವು ಮಧುಮೇಹಿಗಳು ತೋಳಿಗೆ ಅಂಟಿಸಿಕೊಳ್ಳುವ ಸಕ್ಕರೆ ಮಾಪಕ. ಇದಕ್ಕೂ ಕನ್ನಡಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು. ನಮ್ಮ ಗಡಿಭಾಗದಲ್ಲಿ ವೈದ್ಯರೊಡನೆ ಮಾತು ಮರಾಠಿಯಲ್ಲಿ, ಯಂತ್ರದ ಬರೆಹ ಇಂಗ್ಲಿಷಿನಲ್ಲಿ. ಆದರೆ ನಡುರಾತ್ರಿಯಲ್ಲಿ ಎಚ್ಚೆತ್ತ ಆಯಿಯ ಬಾಯಿಂದ ಹೊರಡುವ ಮಾತು ‘ಜೀವ ಹ್ಯಾಂಗೋ ಆಗ್ಲಿಕತ್ತದ’ ಎಂಬ ಕನ್ನಡ. ಈ ಮೂರನ್ನೂ ಕೂಡಿಸಿ ಅರ್ಥಮಾಡಬೇಕಾದವರು ಮನೆಯವರೇ ಅಲ್ಲವೆ?

ಮಧುಮೇಹವು ನಮ್ಮ ದೇಶಕ್ಕೆ ಹೊಸ ರೋಗವಲ್ಲ; ಸುಶ್ರುತಸಂಹಿತೆಯಲ್ಲಿಯೇ ಅದರ ವರ್ಣನೆಯಿದೆ. ಹೊಸದಾದುದು ಅದರ ವ್ಯಾಪ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿರುವರೆಂದು ಅಂದಾಜಿಸಿತು. ಅವರ ಉಪಯೋಗಕ್ಕೆ ಬಂದಿರುವ ಈ ಮಾಪಕದ ಮೂಲತತ್ತ್ವವನ್ನು 1962ರಲ್ಲಿ ಅಮೆರಿಕದ ಲೆಲೆಂಡ್ ಕ್ಲಾರ್ಕರು ತೋರಿಸಿದರು. 1999ರಲ್ಲಿ ಮೈಗೆ ತೊಡುವ ಮೊದಲ ಮಾಪಕಕ್ಕೆ ಆ ದೇಶದಲ್ಲಿ ಅನುಮತಿ ದೊರೆಯಿತು. 2014ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ಫ್ರೀಸ್ಟೈಲ್ ಲಿಬ್ರೆ ಎಂಬ ಮಾಪಕವು 14 ದಿನ ತೋಳಿನ ಮೇಲಿದ್ದು ಕೆಲಸಮಾಡುವಂಥದು. ಮುಂದೆ ಅದು ನಮ್ಮ ದೇಶಕ್ಕೂ ಬಂದಿತು.

ನಾಣ್ಯದಂತೆ ದುಂಡಗಿರುವ ಈ ಬಿಲ್ಲೆಯನ್ನು ಸೆನ್ಸರ್ ಎನ್ನುವರು. ಅದರ ಅಡಿಯಲ್ಲಿ ಕೂದಲಿನಂಥ ಮೃದುವಾದ ಎಳೆಯೊಂದು ಚರ್ಮದೊಳಗೆ ಸುಮಾರು 5 ಮಿಲಿಮೀಟರು ಇಳಿದಿರುತ್ತದೆ. ಅದು ಅಳೆಯುವುದು ನೆತ್ತರಿನ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಣ ದ್ರವದಲ್ಲಿರುವ ಸಕ್ಕರೆಯನ್ನು. ನೆತ್ತರಿನಲ್ಲಾದ ಏರಿಳಿತವು ಆ ದ್ರವಕ್ಕೆ ತಲುಪಲು ಐದು ಹತ್ತು ನಿಮಿಷ ಹಿಡಿಯುವುದರಿಂದ, ಬೆರಳು ಚುಚ್ಚಿ ನೋಡಿದ ಅಂಕೆಗೂ ಸೆನ್ಸರಿನ ಅಂಕೆಗೂ ಅಂತರ ಕಂಡರೆ ಯಂತ್ರ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ.

ತೊಡುವ ಕ್ರಮ ಸುಲಭ. ಮೇಲ್ತೋಳಿನ ಹಿಂಭಾಗವನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು; ಎಣ್ಣೆ ಹಚ್ಚಿದ ಮೈಗೆ ಬಿಲ್ಲೆ ಅಂಟದು. ತೊಟ್ಟ ಮೇಲೆ ಲಿಬ್ರೆಯು ಅಂಕೆ ತೋರಿಸಲು ಒಂದು ಗಂಟೆ ಬೇಕು. ಸ್ನಾನಕ್ಕೆ ಅಡ್ಡಿಯಿಲ್ಲ, ಬಾವಿಗೆ ಧುಮುಕಿ ಈಜುವುದು ಬೇಡ. ಆ ತೋಳನ್ನು ಒತ್ತಿ ಮಲಗಿದರೆ ಸಕ್ಕರೆ ಇಳಿಯದಿದ್ದರೂ ಇಳಿದಂತೆ ತೋರುವುದುಂಟು. ಮೊಬೈಲನ್ನು ಹತ್ತಿರ ಹಿಡಿದೇ ಓದಬೇಕಾದ ಮಾದರಿಯಲ್ಲಿ 8 ಗಂಟೆಗಳ ಲೆಕ್ಕ ಮಾತ್ರ ಉಳಿಯುವುದರಿಂದ, ಮಲಗುವಾಗಲೂ ಏಳುವಾಗಲೂ ತಪ್ಪದೆ ಹಿಡಿಯಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ವಾಕ್ಯದಲ್ಲಿ ನಾಮಪದವೊಂದನ್ನೇ ಓದಿ ಕ್ರಿಯಾಪದವನ್ನು ಬಿಟ್ಟರೆ ಅರ್ಥ ಹುಟ್ಟದೆಂದು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಈ ಯಂತ್ರದಲ್ಲಿ ಅಂಕೆಯು ನಾಮಪದ, ಪಕ್ಕದ ಬಾಣವು ಕ್ರಿಯಾಪದ. 110 ಎಂಬ ಅಂಕೆಯ ಬಳಿ ಅಡ್ಡಬಾಣವಿದ್ದರೆ ಸಕ್ಕರೆ ಸ್ಥಿರವಾಗಿದೆಯೆಂದರ್ಥ. ಅದೇ 110ರ ಬಳಿ ನೇರ ಕೆಳಮುಖದ ಬಾಣವಿದ್ದರೆ, ಲಿಬ್ರೆಯ ಲೆಕ್ಕದಲ್ಲಿ ನಿಮಿಷಕ್ಕೆ 2ಕ್ಕಿಂತ ಹೆಚ್ಚಾಗಿ ಇಳಿಯುತ್ತಿದೆಯೆಂದರ್ಥ. ಹಾಗೆಯೇ ಇಳಿದರೆ 20 ನಿಮಿಷದೊಳಗೆ 70ಕ್ಕಿಂತ ಕೆಳಗೆ ಹೋದೀತು. ಅಂಕೆ ಒಂದೇ, ಮೊದಲನೆಯವರು ನಿಶ್ಚಿಂತೆಯಿಂದ ಮಲಗಬಹುದು, ಎರಡನೆಯವರನ್ನು ಮಲಗಗೊಡಬಾರದು.

ಹೆಚ್ಚಿನ ವಯಸ್ಕರ ಸಕ್ಕರೆ ದಿನದ 70 ಪಾಲಿಗೂ ಮಿಕ್ಕ ಕಾಲ, ಎಂದರೆ ಸುಮಾರು 17 ಗಂಟೆ, 70ರಿಂದ 180ರೊಳಗೆ ಇರಬೇಕೆಂದೂ, 70ಕ್ಕಿಂತ ಕೆಳಗೆ ಶೇಕಡಾ 4ಕ್ಕಿಂತ ಕಡಿಮೆ ಕಾಲ ಇರಬೇಕೆಂದೂ 2019ರಲ್ಲಿ ನಾನಾ ದೇಶಗಳ ತಜ್ಞರು ನಿಶ್ಚಯಿಸಿದರು. ಇಳಿವಯಸ್ಸಿನವರಿಗಾದರೋ ಏರಿಕೆಯಲ್ಲಿ ಸಡಿಲಿಕೆಯಿದೆ, ಇಳಿತದಲ್ಲಿಲ್ಲ: ಅವರಿಗೆ 70ಕ್ಕಿಂತ ಕೆಳಗಣ ಕಾಲವು ಶೇಕಡಾ 1ನ್ನು ಮುಟ್ಟಬಾರದು. ಇನ್ಸುಲಿನ್ ಚುಚ್ಚಿಕೊಳ್ಳುವ ಮುತ್ಯಾನ ವಿಷಯದಲ್ಲಿ ಹೋಳಿಗೆಯ ಭಯಕ್ಕಿಂತ ಉಣ್ಣದೆ ಮಲಗಿದ ರಾತ್ರಿಯ ಭಯ ದೊಡ್ಡದು.

ಬೆವರು, ನಡುಕ, ಎದೆಬಡಿತ, ತೊದಲು ಮಾತು ಕಂಡು ಸಕ್ಕರೆ 70ಕ್ಕಿಂತ ಇಳಿದಿದ್ದರೆ 3 ಚಹಾ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಕಾದು, ಬೆರಳು ಚುಚ್ಚಿ ನೋಡಬೇಕು. ಸೆನ್ಸರಿನ ಅಂಕೆ ಹಿಂದೆ ಬೀಳುವುದರಿಂದ ಅದನ್ನೇ ನಂಬಿ ಮತ್ತೆ ಮತ್ತೆ ಕುಡಿಸಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಅಂಕೆ ಸರಿಯಾಗಿದ್ದು ಆಯಿ ‘ಜೀವ ಹ್ಯಾಂಗೋ’ ಎಂದರೆ ಆಯಿಯ ಮಾತನ್ನೇ ಮೊದಲು ನಂಬಿ, ಬೆರಳು ಚುಚ್ಚಿ ನೋಡಬೇಕು.

ಸೆನ್ಸರಿನ ಬೆಲೆ ಸಾವಿರಾರು ರೂಪಾಯಿ. ದಿನಕ್ಕೆ ಹಲವು ಸಲ ಇನ್ಸುಲಿನ್ ಬೇಕಾದವರಿಗೆ, ಅದರಲ್ಲಿಯೂ ಮಕ್ಕಳಿಗೆ, ಇದರ ನಿತ್ಯೋಪಯೋಗವಿದೆ. ಗುಳಿಗೆಯಲ್ಲಿಯೇ ಇರುವ ಅನೇಕರಿಗೆ ವೈದ್ಯರ ಸಲಹೆಯಂತೆ ಒಮ್ಮೆ ತೊಟ್ಟು 14 ದಿನ ಕಲಿತರೂ ಲಾಭವುಂಟು. ಆ ದಿನಗಳಲ್ಲಿ ಉಂಡದ್ದು, ನಡೆದದ್ದು, ಗುಳಿಗೆ ನುಂಗಿದ ವೇಳೆ, ಇವನ್ನೆಲ್ಲ ಶಾಲೆ ಓದುವ ಮೊಮ್ಮಗಳು ಕನ್ನಡದಲ್ಲಿಯೇ ಒಂದು ವಹಿಯಲ್ಲಿ ಬರೆದಿಡಲಿ. ಎಂದಿನ ಊಟವನ್ನೇ ಉಣ್ಣಬೇಕು. ಯಂತ್ರಕ್ಕಾಗಿ ಪಥ್ಯ ಹಿಡಿದರೆ ಯಂತ್ರವು ಸುಳ್ಳಿನ ಲೆಕ್ಕ ಬರೆದೀತು. ಏಕಾದಶಿಯ ಉಪವಾಸವೆಂದು ತಿಂದ ಸಾಬುದಾಣಿ ಖಿಚಡಿಯನ್ನೂ, ನಿತ್ಯದ ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯವನ್ನೂ ಹೋಲಿಸಿ ನೋಡಲಿ. ಸಾಬುದಾಣಿ ಬಹುಮಟ್ಟಿಗೆ ಬರಿಯ ಪಿಷ್ಟವೇ. ಅದು ಸಕ್ಕರೆಯನ್ನು ಹೇಗೆ ಏರಿಸುವುದೆಂಬುದನ್ನು ಗೆರೆಯೇ ಹೇಳೀತು. ಆ ವಹಿಯನ್ನೂ ಗೆರೆಯನ್ನೂ ವೈದ್ಯರ ಮುಂದಿಡಬೇಕು. ಔಷಧದ ಪ್ರಮಾಣವನ್ನು ಮಾತ್ರ ನಾವೇ ಬದಲಿಸಲಾಗದು.

ಕಡೆಯದಾಗಿ ಒಂದು ವಿನಂತಿ. ಈ ಯಂತ್ರವನ್ನು ಮನೆಯ ಚಾಡಿಕೋರನನ್ನಾಗಿ ಮಾಡಬೇಡಿರಿ. ಗೆರೆ ಏರಿತೆಂದು ಮಕ್ಕಳು, ಸೊಸೆಯಂದಿರು ಹಿರಿಯರನ್ನು ಗದರಿಸತೊಡಗಿದರೆ, ಹಿರಿಯರು ಬಿಲ್ಲೆಯನ್ನು ಕಿತ್ತಿಡುವರು. ಕಿತ್ತಿಡದಿದ್ದರೆ ತಿಂದದ್ದನ್ನು ಮುಚ್ಚಿಡುವರು. ‘ಏನು ತಿಂದಿ?’ ಎಂಬ ವಿಚಾರಣೆಗೆ ಬದಲಾಗಿ ‘ಆಯಿ, ಈಗ ಹ್ಯಾಂಗನಸ್ತದ?’ ಎಂಬ ಪ್ರಶ್ನೆ ಮೊದಲಾಗಲಿ. ಬೆರಳಿನಷ್ಟು ಬಾಣವನ್ನು ಓದಲು ಬಲ್ಲ ಒಬ್ಬರಾದರೂ ಪ್ರತಿ ಕನ್ನಡ ಮನೆಯಲ್ಲಿ ಇರುವಂತೆ ನಮ್ಮ ಸಂಘವು ತಿಂಗಳಿಗೊಮ್ಮೆ ಕೂಡಿಸಿ ಕಲಿಸಿದರೆ, ಅದೂ ಅಕ್ಷರಸೇವೆಯೇ ಆಗುವುದೆಂದು ನಾವು ನಂಬಿದ್ದೇವೆ.