ಒಂದು ಸೂಜಿ, ಎರಡು ಪ್ರಶ್ನೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಅರ್ಥಶಾಸ್ತ್ರಕ್ಕೆ ಮುಸ್ಲಿಮರ ಕೊಡುಗೆ' ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ಕೊಡುಗೆಗಳ ಒಂದು ಪಟ್ಟಿ ಮಾಡಿ ಓದಿಬಿಟ್ಟರೆ ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಚಪ್ಪಾಳೆಯೂ ಸಿಗುತ್ತದೆ. ಆದರೆ ಅಂಥ ಪಟ್ಟಿ ಹಿಡಿದುಕೊಂಡು ಹೋಗಿ ಒಮ್ಮೆ ಪೇಚಿಗೆ ಸಿಕ್ಕಿದವನು ನಾನು. ಆ ಕಥೆಯಿಂದಲೇ ಶುರು ಮಾಡುತ್ತೇನೆ.

ನಾನು ಆಗಷ್ಟೇ ಉಪನ್ಯಾಸಕನಾಗಿದ್ದೆ. ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುವ ಅವಕಾಶ ಬಂತು. ಎಲ್ಲೋ ಓದಿದ್ದನ್ನು ನಂಬಿ, 'ಆಡಂ ಸ್ಮಿತ್ ಹೇಳಿದ್ದೆಲ್ಲ ಇಬ್ನ್ ಖಲ್ದೂನರಿಂದ ಎತ್ತಿಕೊಂಡದ್ದು' ಎಂದು ಗಟ್ಟಿ ದನಿಯಲ್ಲಿ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಎದ್ದು ಬಹಳ ಸೌಮ್ಯವಾಗಿ ಕೇಳಿದರು: "ತಮ್ಮಾ, ಸ್ಮಿತ್‌ಗೆ ಅರಬಿ ಬರುತ್ತಿತ್ತೇ? ಇಲ್ಲವಾದರೆ ಅವರು ಓದಿದ ಅನುವಾದ ಯಾವುದು, ಯಾವ ವರ್ಷದ್ದು?" ನನ್ನಲ್ಲಿ ಉತ್ತರ ಇರಲಿಲ್ಲ. ಸಭೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಇಂದು ಇಲ್ಲಿ ಕೂತಿರುವವರಲ್ಲಿ ಕೆಲವರಾದರೂ ನಾಳೆ ಎಂ.ಎ.ಗೆ, ಪಿಎಚ್‌.ಡಿ.ಗೆ ಹೋಗುವವರು. ಆ ಪ್ರಶ್ನೆ ನಿಮಗೂ ಎದುರಾದೀತು. ಆದ್ದರಿಂದ ಈ ಮಾತು.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ನಮ್ಮವರಿಗೆ ಸಿಟ್ಟು ಬಂದದ್ದಕ್ಕೆ ಕಾರಣವಿದೆ. ಜೋಸೆಫ್ ಶುಂಪೀಟರ್ ಎಂಬ ದೊಡ್ಡ ಅರ್ಥಶಾಸ್ತ್ರಜ್ಞರು ಅರ್ಥಶಾಸ್ತ್ರೀಯ ವಿಶ್ಲೇಷಣೆಯ ಇತಿಹಾಸದ ಬಗ್ಗೆ ಬರೆದ ಬೃಹತ್ ಗ್ರಂಥ ಅವರ ಮರಣಾನಂತರ 1954ರಲ್ಲಿ ಪ್ರಕಟವಾಯಿತು. ಗ್ರೀಕರ ನಂತರ, ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್‌ವರೆಗೆ, ಐದು ನೂರಕ್ಕೂ ಹೆಚ್ಚು ವರ್ಷಗಳನ್ನು ಅವರು 'ಮಹಾ ಅಂತರ' ಎಂದು ಕರೆದರು. ತಮ್ಮ ಶಾಸ್ತ್ರದ ಮಟ್ಟಿಗೆ ಆ ಶತಮಾನಗಳನ್ನು ನಿಶ್ಚಿಂತೆಯಿಂದ ದಾಟಿ ಮುಂದೆ ಹೋಗಬಹುದು ಎಂಬುದು ಅವರ ಅಭಿಪ್ರಾಯ. ಬಗ್ದಾದ್, ಕೈರೋ, ಕೊರ್ದೋವಾಗಳಲ್ಲಿ ಪೇಟೆಗಳು ತುಂಬಿ ತುಳುಕುತ್ತಿದ್ದ ಕಾಲ ಅದು! ಅಲ್ಲಿ ಹಣದ ಬಗ್ಗೆ, ಬೆಲೆಯ ಬಗ್ಗೆ, ತೆರಿಗೆಯ ಬಗ್ಗೆ ಯಾರೂ ಯೋಚಿಸಲೇ ಇಲ್ಲವೆಂದರೆ ನಂಬುವುದು ಹೇಗೆ?

ಈ ಖಾಲಿ ಜಾಗವನ್ನು ತುಂಬುವ ಕೆಲಸ ಕಳೆದ ಕೆಲವು ದಶಕಗಳಲ್ಲಿ ನಡೆದಿದೆ. ಅದರಲ್ಲಿ ನಮ್ಮ ದೇಶದವರ ಪಾಲು ಸಣ್ಣದಲ್ಲ. ಅಲಿಗಢದಲ್ಲಿ ಪಾಠ ಮಾಡಿದ, 1982ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಪಡೆದ ಮುಹಮ್ಮದ್ ನಜಾತುಲ್ಲಾ ಸಿದ್ದೀಖಿಯವರ ಹೆಸರು ನಿಮಗೆ ತಿಳಿದಿರಬಹುದು. 2022ರಲ್ಲಿ ಅವರು ನಮ್ಮನ್ನಗಲಿದರು. ಅಲಿಗಢದಲ್ಲೇ ಓದಿದ ಅಬ್ದುಲ್ ಅಝೀಂ ಇಸ್ಲಾಹಿಯವರು ಇಬ್ನ್ ತೈಮಿಯಾರ ಆರ್ಥಿಕ ವಿಚಾರಗಳ ಬಗ್ಗೆ 1988ರಲ್ಲಿ ಗ್ರಂಥ ಪ್ರಕಟಿಸಿದರು. ಅಮೆರಿಕದ ಇಡಾಹೊ ವಿಶ್ವವಿದ್ಯಾನಿಲಯದ ಎಸ್.ಎಂ. ಘಝನ್‌ಫರ್ 2003ರಲ್ಲಿ ಸಂಪಾದಿಸಿದ ಸಂಕಲನದ ಹೆಸರಿನಲ್ಲೇ 'ಮಹಾ ಅಂತರವನ್ನು ತುಂಬುವುದು' ಎಂಬ ಮಾತಿದೆ. ಅರ್ಥಶಾಸ್ತ್ರ ಚರಿತ್ರೆಯ ಪ್ರಮುಖ ಪತ್ರಿಕೆಗಳೇ ಇಂಥ ಲೇಖನಗಳನ್ನು ಪ್ರಕಟಿಸಿವೆ. ಶುಂಪೀಟರ್ ಹೇಳಿದ್ದನ್ನು ಇಂದು ಅದೇ ರೂಪದಲ್ಲಿ ಯಾರೂ ಹೇಳುವಂತಿಲ್ಲ.

ಸರಿ, ಖಾಲಿ ಜಾಗ ತುಂಬಿತು. ಯಾವುದರಿಂದ ತುಂಬಬೇಕು ಎಂಬುದು ಇನ್ನೊಂದು ಪ್ರಶ್ನೆ. ನನ್ನ ಮಾತಿನ ತಿರುಳು ಇರುವುದು ಅಲ್ಲೇ.

ಒಂದು ಸೂಜಿಯ ವಿಷಯ ತೆಗೆದುಕೊಳ್ಳಿ. 1776ರಲ್ಲಿ ಪ್ರಕಟವಾದ ಆಡಂ ಸ್ಮಿತ್‌ರ ಗ್ರಂಥ ತೆರೆದುಕೊಳ್ಳುವುದೇ ಗುಂಡುಸೂಜಿಯ ಕಾರ್ಖಾನೆಯೊಂದಿಗೆ. ಗುಂಡುಸೂಜಿ ಮಾಡುವುದರಲ್ಲಿ ಸುಮಾರು 18 ಬೇರೆ ಬೇರೆ ಕೆಲಸಗಳಿವೆ. 10 ಜನ ಅವನ್ನು ಹಂಚಿಕೊಂಡು ಮಾಡಿದರೆ ದಿನಕ್ಕೆ 48,000 ಗುಂಡುಸೂಜಿ ತಯಾರಾಗುತ್ತವೆ. ತರಬೇತಿಯಿಲ್ಲದ ಒಬ್ಬನೇ ಕೂತರೆ 20 ಕೂಡ ಆಗಲಿಕ್ಕಿಲ್ಲ ಎಂದು ಅವರು ಲೆಕ್ಕ ಕೊಡುತ್ತಾರೆ. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರೆಲ್ಲ 'ಶ್ರಮ ವಿಭಜನೆ' ಎಂದು ಇದನ್ನು ಬಾಯಿಪಾಠ ಮಾಡಿರುತ್ತೀರಿ.

ಅದಕ್ಕೆ ಸುಮಾರು ಏಳು ಶತಮಾನ ಮೊದಲು ಇಮಾಮ್ ಗಝಾಲಿ (1058-1111) ತಮ್ಮ 'ಇಹ್ಯಾ ಉಲೂಮುದ್ದೀನ್'ನಲ್ಲಿ ಸೂಜಿಯ ಉದಾಹರಣೆಯನ್ನೇ ಕೊಟ್ಟಿದ್ದಾರೆ. ಒಂದು ಸಣ್ಣ ಸೂಜಿ ಉಪಯೋಗಕ್ಕೆ ಬರಬೇಕಾದರೆ ಅದನ್ನು ಮಾಡುವವನ ಕೈಯಲ್ಲಿ 25 ಸಲ ಹಾದುಹೋಗಬೇಕು, ಪ್ರತಿ ಸಲವೂ ಬೇರೆಯೇ ಕೆಲಸ ಎನ್ನುತ್ತಾರೆ ಅವರು. ಘಝನ್‌ಫರ್ ಮತ್ತು ಇಸ್ಲಾಹಿ 1990ರಲ್ಲಿ ಇದನ್ನು ಅರ್ಥಶಾಸ್ತ್ರ ಚರಿತ್ರಕಾರರ ಗಮನಕ್ಕೆ ತಂದರು. 1998ರಲ್ಲಿ ಹಮೀದ್ ಹೊಸೈನಿ ಎಂಬ ವಿದ್ವಾಂಸರು, ಸ್ಮಿತ್‌ರ ಶ್ರಮ ವಿಭಜನೆಯ ಬೇರುಗಳನ್ನು ಮಧ್ಯಯುಗದ ಪರ್ಷಿಯಾದಲ್ಲಿ ಹುಡುಕುವ ಲೇಖನ ಬರೆದರು. ನಮ್ಮವರಿಗೆ ಇಷ್ಟು ಸಾಕಾಯಿತು, 'ಸ್ಮಿತ್ ಕದ್ದರು' ಎಂದೇ ಪ್ರಚಾರ ಮಾಡಿದರು.

ಆದರೆ ಗಝಾಲಿಯವರ ಆ ಮಾತು ಯಾವ ಅಧ್ಯಾಯದಲ್ಲಿದೆ ಎಂದು ತೆರೆದು ನೋಡಿದವರು ಎಷ್ಟು ಮಂದಿ? ಅದಿರುವುದು ಸಬ್ರ್ ಮತ್ತು ಶುಕ್ರ್, ಅಂದರೆ ಸಹನೆ ಮತ್ತು ಕೃತಜ್ಞತೆಯ ಅಧ್ಯಾಯದಲ್ಲಿ. ಒಂದು ರೊಟ್ಟಿ ನಿಮ್ಮ ಕೈಗೆ ಬರಬೇಕಾದರೆ ಮೋಡ ಬೇಕು, ಮಳೆ ಬೇಕು, ನೆಲ ಬೇಕು, ಉಳುವವನು ಬೇಕು, ಬೀಸುವವನು, ಸುಡುವವನು, ಅವರಿಗೆಲ್ಲ ಉಪಕರಣ ಮಾಡಿಕೊಡುವ ಬಡಗಿ, ಕಮ್ಮಾರ ಬೇಕು. ತಿನ್ನುವವನಿಗೆ ಇದರ ಅರಿವಿಲ್ಲದಿದ್ದರೆ ಅವನು ಶುಕ್ರ್ ಮಾಡುವುದಾದರೂ ಹೇಗೆ? ಗಝಾಲಿ ಕೇಳಿದ ಪ್ರಶ್ನೆ ಇದು. ಸ್ಮಿತ್ ಕೇಳಿದ್ದು, ಒಂದು ದೇಶದ ಸಂಪತ್ತು ಹೆಚ್ಚುವುದು ಹೇಗೆ ಎಂದು. ಸೂಜಿಯ ಉದಾಹರಣೆ ಇಬ್ಬರಲ್ಲೂ ಇದೆ, ಪ್ರಶ್ನೆ ಎರಡು. ಗಝಾಲಿಯವರನ್ನು 'ಸ್ಮಿತ್‌ಗಿಂತ ಮೊದಲಿನವರು' ಎಂದಷ್ಟೇ ಹೊಗಳಿದರೆ ನಾವು ಅವರ ಪ್ರಶ್ನೆಯನ್ನೇ ಕೈಬಿಟ್ಟಂತೆ. ದುಡಿಮೆಯ ಹಂಚಿಕೆಯಿಂದ ಮನುಷ್ಯರು ಒಬ್ಬರಿಗೊಬ್ಬರು ಋಣಿಗಳಾಗುತ್ತಾರೆ ಎಂಬ ವಿಚಾರ ಇಂದಿನ ಯಾವ ಪಠ್ಯಪುಸ್ತಕದಲ್ಲಿದೆ ಹೇಳಿ. (ಸ್ಮಿತ್‌ಗೆ ಅನ್ಯಾಯ ಮಾಡಬಾರದು. ದಿನವಿಡೀ ಒಂದೆರಡು ಸಣ್ಣ ಕೆಲಸಗಳನ್ನೇ ಮಾಡುವವನ ಬುದ್ಧಿ ಮಂಕಾಗುತ್ತದೆ ಎಂದು ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅವರೇ ಮರುಗಿದ್ದಾರೆ. ಪಿಯುಸಿ ಪುಸ್ತಕದವರು ಅದನ್ನು ಹೇಳುವುದಿಲ್ಲ.)

ಇನ್ನು ಇಬ್ನ್ ಖಲ್ದೂನ್. 1332ರಲ್ಲಿ ತೂನಿಸ್‌ನಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಪ್ಲೇಗ್‌ನಿಂದ ತಂದೆ ತಾಯಿಯನ್ನು ಕಳೆದುಕೊಂಡವರು. 1377ರಲ್ಲಿ ಇಂದಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಕೂತು 'ಮುಕದ್ದಿಮ' ಬರೆದರು. 1406ರಲ್ಲಿ ಕೈರೋದಲ್ಲಿ ತೀರಿಕೊಂಡರು. ರಾಜವಂಶದ ಆರಂಭದಲ್ಲಿ ತೆರಿಗೆ ಕಡಿಮೆ, ಆದಾಯ ಹೆಚ್ಚು. ಕೊನೆಗಾಲದಲ್ಲಿ ತೆರಿಗೆ ಹೆಚ್ಚು, ಆದಾಯ ಕಡಿಮೆ ಎಂಬ ಅವರ ವಿಚಾರವನ್ನು 1981ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಉಲ್ಲೇಖಿಸಿದರು. ಆ ವರ್ಷ ಅವರ ಸರಕಾರ ಶ್ರೀಮಂತರ ಮೇಲಿನ ಗರಿಷ್ಠ ತೆರಿಗೆಯನ್ನು ಶೇ. 70ರಿಂದ 50ಕ್ಕೆ ಇಳಿಸುವ ಕಾನೂನು ತಂದಿತ್ತು. ಅದರ ಸಮರ್ಥನೆಗೆ ಆರು ಶತಮಾನ ಹಿಂದಿನ ಒಬ್ಬ ಖಾಝಿ ಬೇಕಾದರು!

ನಮಗೆ ಹೆಮ್ಮೆಯಾಯಿತು. ಆದರೆ ಮುಕದ್ದಿಮದಲ್ಲಿ ಅದೇ ತೆರಿಗೆಯ ಚರ್ಚೆಯ ಆಸುಪಾಸಿನಲ್ಲಿ ಇನ್ನೊಂದು ಮಾತಿದೆ. ಸರಕಾರವೇ ಎಲ್ಲಕ್ಕಿಂತ ದೊಡ್ಡ ಪೇಟೆ. ಆಳುವವನು ಖರ್ಚು ಕಡಿಮೆ ಮಾಡಿ ಹಣ ಕೂಡಿಟ್ಟರೆ ಅವನ ಆಶ್ರಿತರ ಕೈಯಲ್ಲಿ ಹಣವಿಲ್ಲದಾಗುತ್ತದೆ, ವ್ಯಾಪಾರ ಕುಸಿಯುತ್ತದೆ, ಕೊನೆಗೆ ತೆರಿಗೆಯೂ ಕುಸಿಯುತ್ತದೆ ಎಂದು. ಇದನ್ನು ಹಿಡಿದುಕೊಂಡು ಕೇನ್ಸ್‌ನ ಅನುಯಾಯಿಗಳೂ 'ಇವರು ನಮ್ಮವರು' ಎನ್ನಬಹುದು. ಮನುಷ್ಯನ ಗಳಿಕೆಯೆಂದರೆ ಅವನ ದುಡಿಮೆಯ ಮೌಲ್ಯ ಎಂಬ ಮಾತೂ ಅಲ್ಲಿದೆ. ಅದನ್ನು ತೋರಿಸಿ ಮಾರ್ಕ್ಸ್‌ವಾದಿಗಳೂ ಎಳೆದುಕೊಳ್ಳಬಹುದು, ಎಳೆದುಕೊಂಡದ್ದೂ ಇದೆ. ಮೂರು ಪಕ್ಷಗಳಿಗೂ ಒಬ್ಬರೇ ಪೂರ್ವಜರಾಗುವುದು ಹೇಗೆ? ಉತ್ತರ ಸರಳ. ಇವು ಯಾವುವೂ ಅವರ ಪ್ರಶ್ನೆಗಳಾಗಿರಲಿಲ್ಲ. ರಾಜವಂಶಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂಬುದು ಅವರ ಪ್ರಶ್ನೆ. ಮರುಭೂಮಿಯ ಸರಳ ಬದುಕಿನಿಂದ ಬಂದವರು ಶರೀಅತ್ ವಿಧಿಸಿದಷ್ಟನ್ನೇ ವಸೂಲು ಮಾಡುತ್ತಾರೆ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ವಿಲಾಸ ಹೆಚ್ಚಿ, ಖರ್ಚು ಹೆಚ್ಚಿ, ಹೊಸ ಹೊಸ ಸುಂಕಗಳು ಬರುತ್ತವೆ. ದುಡಿಯುವವನಿಗೆ ದುಡಿಮೆಯಲ್ಲಿ ಆಸೆಯೇ ಉಳಿಯುವುದಿಲ್ಲ. ಇದು ತೆರಿಗೆ ದರದ ಸೂತ್ರವಲ್ಲ, ಒಂದು ವಂಶ ಮುದಿಯಾಗುವ ಚಿತ್ರ. ರಾಬರ್ಟ್ ಇರ್ವಿನ್ 2018ರಲ್ಲಿ ಬರೆದ ಇಬ್ನ್ ಖಲ್ದೂನ್ ಜೀವನಚರಿತ್ರೆಯಲ್ಲಿ, ಅವರನ್ನು ನಮ್ಮ ಕಾಲದವರಂತೆ ಮಾಡಿಬಿಡುವ ಈ ಚಾಳಿಯನ್ನು ಬಲವಾಗಿ ವಿರೋಧಿಸಿದ್ದಾರೆ. ಇರ್ವಿನ್‌ರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಈ ಎಚ್ಚರಿಕೆಯನ್ನು ಮಾತ್ರ ಒಪ್ಪುತ್ತೇನೆ.

ಆ ಪ್ರಾಧ್ಯಾಪಕರ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಸಾಕಷ್ಟು ಸಮಯ ಹಿಡಿಯಿತು. ಮುಕದ್ದಿಮದ ಭಾಗಗಳು ಯುರೋಪಿನ ಓದುಗರಿಗೆ ಪರಿಚಯವಾದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ; ಪೂರ್ಣ ಫ್ರೆಂಚ್ ಅನುವಾದ ಬಂದದ್ದು 1860ರ ದಶಕದಲ್ಲಿ; ರೋಸೆಂಥಾಲ್‌ರ ಇಂಗ್ಲಿಷ್ ಅನುವಾದ 1958ರಲ್ಲಿ. ಸ್ಮಿತ್ ತೀರಿಕೊಂಡದ್ದು 1790ರಲ್ಲಿ. ಅವರ ಗುಂಡುಸೂಜಿಗೆ ಹತ್ತಿರದ ಮೂಲ ಹುಡುಕಬೇಕಾದರೆ ಫ್ರೆಂಚ್ ವಿಶ್ವಕೋಶದಲ್ಲಿ 1755ರಲ್ಲಿ ಬಂದ ಗುಂಡುಸೂಜಿಯ ಲೇಖನವಿದೆ. ಅಲ್ಲಿಯೂ 18 ಕೆಲಸಗಳೇ.

ಹಾಗಾದರೆ ಕೊಡುಕೊಳೆ ನಡೆದೇ ಇಲ್ಲವೇ? ನಡೆದಿದೆ, ಬೇರೆ ದಾರಿಯಲ್ಲಿ. ಅರಿಸ್ಟಾಟಲ್‌ನ ನೀತಿಶಾಸ್ತ್ರಕ್ಕೆ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನವನ್ನು 1240ರಲ್ಲಿ ತೊಲೆದೊ ನಗರದಲ್ಲಿ ಹರ್ಮನ್ ಎಂಬ ಜರ್ಮನ್ ವಿದ್ವಾಂಸ ಲ್ಯಾಟಿನ್‌ಗೆ ತಂದ. ವಿನಿಮಯ, ಹಣ, ನ್ಯಾಯಬೆಲೆ ಇವುಗಳ ಚರ್ಚೆ ಆ ಗ್ರಂಥದಲ್ಲಿದೆ. ಇಲ್ಲಿ ಊರು, ವರ್ಷ, ಅನುವಾದಕ ಎಲ್ಲವನ್ನೂ ತೋರಿಸಬಹುದು. ಅಂದು ಸಂಕಿರಣದಲ್ಲಿ ಇದನ್ನು ಹೇಳಿದ್ದರೆ ನಾನು ತಲೆ ತಗ್ಗಿಸಬೇಕಾಗಿರಲಿಲ್ಲ.

ನನಗೆ ಬಹಳ ಪ್ರಿಯರಾದ ಇನ್ನೊಬ್ಬರಿದ್ದಾರೆ. ಕೈರೋದ ಅಲ್ ಮಕ್ರೀಝಿ, ಇಬ್ನ್ ಖಲ್ದೂನರ ಶಿಷ್ಯ. ಸ್ವತಃ ಮುಹ್ತಸಿಬ್, ಅಂದರೆ ಪೇಟೆಯ ತೂಕ, ಬೆಲೆ, ವ್ಯವಹಾರಗಳ ಮೇಲ್ವಿಚಾರಕರಾಗಿ ದುಡಿದವರು. 1403-04ರಲ್ಲಿ ಈಜಿಪ್ಟಿನಲ್ಲಿ ಭೀಕರ ಬರ, ಬೆಲೆಯೇರಿಕೆ. ಜನರೆಲ್ಲ ನೈಲ್ ನದಿಯನ್ನು ದೂರುತ್ತಿದ್ದಾಗ ಇವರು ಕಾರಣಗಳನ್ನು ಬೇರೆ ಕಡೆ ತೋರಿಸಿದರು. ಲಂಚ ಕೊಟ್ಟು ಹುದ್ದೆ ಪಡೆಯುವುದು, ಭೂಮಿಯ ಗೇಣಿ ಏರಿದ್ದು, ಬೆಳ್ಳಿಯ ದಿರ್ಹಮ್ ಮಾಯವಾಗಿ ತಾಮ್ರದ ಫುಲೂಸ್ ತುಂಬಿಕೊಂಡದ್ದು. ಆಮೇಲೆ ಜನರನ್ನು ಏಳು ವರ್ಗ ಮಾಡಿ, ಬೆಲೆಯೇರಿಕೆ ಯಾರಿಗೆ ಹೇಗೆ ತಟ್ಟಿತು ಎಂದು ಒಂದೊಂದಾಗಿ ಬರೆದರು. ಆಳುವವರು, ದೊಡ್ಡ ವ್ಯಾಪಾರಿಗಳು, ಅಂಗಡಿಯವರು, ರೈತರು, ನಿಗದಿತ ಆದಾಯವಿರುವವರು, ಕೂಲಿಯವರು, ಬಡವರು. ನಿಗದಿತ ಆದಾಯದವರ ಸಾಲಿನಲ್ಲಿ ವಿದ್ಯಾರ್ಥಿಗಳೂ ಇದ್ದಾರೆ, ಗಮನಿಸಿ! ಈ ಪುಸ್ತಕದ ಇಂಗ್ಲಿಷ್ ಅನುವಾದವನ್ನು ಆದಿಲ್ ಅಲ್ಲೂಶ್ 1994ರಲ್ಲಿ ಪ್ರಕಟಿಸಿದರು. ಮಕ್ರೀಝಿ ಯಾವ ಸಿದ್ಧಾಂತದ ಪಿತಾಮಹರು ಎಂದು ಹುಡುಕುವ ಅಗತ್ಯವೇ ಇಲ್ಲ. ಓದಿದರೆ ಸಾಕು.

ಕೊನೆಯದಾಗಿ ಒಂದು ವಿಷಯ. ಇತ್ತೀಚಿನ ಸಂಶೋಧಕರು ದೊಡ್ಡವರ ಗ್ರಂಥಗಳನ್ನು ಮಾತ್ರವಲ್ಲ, ವ್ಯಾಪಾರಿಗಳ ಕಾಗದ ಪತ್ರಗಳನ್ನೂ ಓದುತ್ತಿದ್ದಾರೆ. ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಸಿಕ್ಕ 'ಗೆನಿಝಾ' ಕಾಗದಗಳ ಬಹುಭಾಗ ಇಂದು ಕೇಂಬ್ರಿಜ್‌ನಲ್ಲಿದೆ. ದೂರದ ಪಾಲುದಾರರು ಒಬ್ಬರನ್ನೊಬ್ಬರು ನಂಬಿದ್ದು ಹೆಸರು ಕೆಡುವ ಭಯದಿಂದಲೋ, ನ್ಯಾಯಾಲಯದ ಭಯದಿಂದಲೋ ಎಂದು ಈ ಕಾಗದಗಳನ್ನಿಟ್ಟುಕೊಂಡೇ ವಾದ ನಡೆದಿದೆ. ಮೊದಲನೆಯದೆಂದು 1989ರಲ್ಲಿ ಆವ್ನರ್ ಗ್ರೈಫ್ ಹೇಳಿದರು, 2012ರಲ್ಲಿ ಎಡ್ವರ್ಡ್ಸ್ ಮತ್ತು ಒಗಿಲ್ವಿ ಅದನ್ನು ಪ್ರಶ್ನಿಸಿದರು. ಆ ಕಾಗದಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ತೂನಿಸಿಯಾ ಮೂಲದ ಯಹೂದಿ ವ್ಯಾಪಾರಿಯ ಪತ್ರಗಳೂ ಇವೆ. ಅವನು 1130ರ ದಶಕದಿಂದ 1149ರವರೆಗೆ ನೆಲೆಸಿ ಹಿತ್ತಾಳೆ ಕೆಲಸ ಮಾಡಿಸಿದ ಊರು ನಮ್ಮ ಮಂಗಳೂರು. ಏಡನ್‌ನ ಪಾಲುದಾರರ ಬಳಿಗೆ ಅವನ ಪರವಾಗಿ ಹೋಗಿಬರುತ್ತಿದ್ದವನ ಹೆಸರು ಬೊಮ್ಮ. ಶುಂಪೀಟರ್ ಖಾಲಿಯೆಂದ ಶತಮಾನಗಳಲ್ಲಿ ಒಂದು ಅದು. ಈ ಪತ್ರಗಳ ಭಾಷೆ ಬಹುತೇಕ ಅರಬಿ, ಬರೆದಿರುವುದು ಹೀಬ್ರೂ ಲಿಪಿಯಲ್ಲಿ. ಮದ್ರಸದಲ್ಲಿ ಅರಬಿ ಕಲಿತ ನಮ್ಮ ಮಕ್ಕಳು ಇನ್ನು 22 ಅಕ್ಷರ ಕಲಿತರೆ ಅವನ್ನು ಓದಲು ಶುರು ಮಾಡಬಹುದು. ಸಾವಿರಾರು ಹಾಳೆಗಳ ಛಾಯಾಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆಸಕ್ತಿಯಿರುವ ವಿದ್ಯಾರ್ಥಿಗಳು ಊಟದ ವಿರಾಮದಲ್ಲಿ ನನ್ನನ್ನು ಕಾಣಬಹುದು.